ಗೇಮ್ ಮಾಡೋನಿಗೆ ಗೇಮ್ ಆಡೋಕೆ ಬೇಜಾರಾದ್ರೆ

ನಮ್ಮಮ್ಮನ್ನ ಯಾರಾದ್ರೂ "ನಿಮ್ಮ ಮಗ ಏನ್ ಮಾಡ್ತಾನೆ" ಅಂತ ಕೇಳಿದ್ರೆ ಇವತ್ತಿಗೂ "ಕಂಪ್ಯೂಟರ್ ಕೆಲಸ" ಅಂತಾಳೆ, ಗೇಮ್ ಅಂತ ಬಾಯೇ ಬಿಡಲ್ಲ, ಯಾಕಂದ್ರೆ ಒಂದ್ಸಲ ಹೇಳಿದ್ದಕ್ಕೆ ಪಕ್ಕದ್ಮನೆ ಆಂಟಿ "ಅಯ್ಯೋ, ರಾತ್ರಿಯೆಲ್ಲಾ ರೂಮಲ್ಲಿ ಲೈಟ್ ಉರೀತಿರುತ್ತಲ್ಲ, ಗೇಮ್ ಆಡ್ತಾ ಕೂತಿರ್ತಾನಾ" ಅಂದ್ಬಿಟ್ರು. ಆಡ್ತಾ ಕೂತಿದ್ರೆ ಎಷ್ಟೋ ವಾಸಿ ಇತ್ತು ಆಂಟಿ. ಆವತ್ತು ರಾತ್ರಿ ಎರಡೂವರೆಗೆ ನಾನು ಮಾಡ್ತಿದ್ದ ಕೆಲಸ ಏನು ಗೊತ್ತಾ, ಒಂದು ಚಿನ್ನದ ನಾಣ್ಯ ಸ್ಕ್ರೀನ್ ಮಧ್ಯದಿಂದ ಹಾರಿ ಮೇಲಿನ ಮೂಲೆಗೆ ಹೋಗಿ ಸೇರ್ಕೊಳ್ಳುತ್ತಲ್ಲ, ಆ ಹಾರೋ ಟೈಮನ್ನ 0.3 ಸೆಕೆಂಡಿಂದ 0.28ಕ್ಕೆ ಇಳಿಸೋದು, ನೋಡೋದು, ಮತ್ತೆ 0.3 ಮಾಡೋದು. ಒಂದು ಗಂಟೆ ಬರೀ ಇದೇ. ಯಾರೂ ಕೇಳಿರ್ಲಿಲ್ಲ. ಎದ್ದು ಹೋಗಿ ಮಲಗ್ಬೇಕು ಅನ್ನೋದೂ ತಲೆಗೆ ಹೊಳೀಲಿಲ್ಲ.

ನಾನು ದಾವಣಗೆರೆಯಲ್ಲಿ ಮನೇಲೇ ಕೂತು ಬೆಂಗಳೂರಿನ ಒಂದು ಸ್ಟುಡಿಯೋಗೆ ಮೊಬೈಲ್ ಗೇಮ್ ಮಾಡ್ತೀನಿ, ಆರು ವರ್ಷ ಆಯ್ತು. ಬರ್ನೌಟ್ ಬಗ್ಗೆ ಎಲ್ಲರೂ ಹೇಳೋದು ಏನು, ಸುಸ್ತು, ನಿದ್ದೆ ಇಲ್ಲ, ತಲೆನೋವು, ಒಂದು ವಾರ ರಜಾ ಹಾಕಿ ಗೋಕರ್ಣಕ್ಕೆ ಹೋಗಿ ಬಾ. ನಾನು ಒಪ್ಪಲ್ಲ. ಸುಸ್ತು ಅಂದ್ರೆ ಮಲಗಿ ಎದ್ರೆ ಹೋಗುತ್ತೆ. ಇದು ಹಂಗಲ್ಲ, ಮಲಗಿ ಎದ್ದ ಮೇಲೂ ಇರುತ್ತೆ, ಗೋಕರ್ಣಕ್ಕೆ ಹೋದ್ರೆ ಅಲ್ಲಿಗೂ ಬರುತ್ತೆ, ಯಾಕಂದ್ರೆ ವಾಪಸ್ ಬಂದಾಗ ಅದೇ ಮೈಲ್‌ಸ್ಟೋನ್, ಅಂದ್ರೆ ಇಷ್ಟು ಕೆಲಸ ಇಷ್ಟರೊಳಗೆ ಮುಗೀಬೇಕು ಅನ್ನೋ ಗಡಿ, ಅದೇ ಡೇಟು ಅಲ್ಲೇ ಕೂತಿರುತ್ತೆ, ಅದೂ ಒಂದು ವಾರದ ಬಾಕಿ ಸೇರಿಸ್ಕೊಂಡು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಗಳನ್ನ ವರ್ಗೀಕರಿಸೋ ತನ್ನ ಐಸಿಡಿ-11 ಪಟ್ಟಿಯಲ್ಲಿ ಬರ್ನೌಟ್‌ನ ವಿವರಿಸಿದಾಗ ಅದನ್ನ ಕಾಯಿಲೆ ಅಂತ ಸೇರಿಸಲಿಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತು. ಕೆಲಸದ ಜಾಗದ ಒತ್ತಡ ಬಹಳ ಕಾಲ ಇದ್ದು, ಅದನ್ನ ಸರಿಯಾಗಿ ನಿಭಾಯಿಸದೇ ಹೋದ್ರೆ ಬರೋದು. ಮೂರು ಮುಖ ಅಂತೆ: ಶಕ್ತಿ ಬತ್ತೋದು, ಕೆಲಸದಿಂದ ಮನಸ್ಸು ದೂರ ಆಗೋದು ಇಲ್ಲಾ ಕೆಲಸದ ಬಗ್ಗೆನೇ ಕಹಿ ಬರೋದು, ಆಮೇಲೆ ನಾನು ಮಾಡೋದು ಏನೂ ಸರಿಯಿಲ್ಲ ಅನ್ಸೋದು. ಮೊದಲನೇದು ಎಲ್ಲರ ಕಣ್ಣಿಗೂ ಬೀಳುತ್ತೆ. ನನ್ನ ತಕರಾರು ಇರೋದೇ ಅಲ್ಲಿ, ನಮ್ಮ ಫೀಲ್ಡಲ್ಲಿ ಉಳಿದ ಎರಡು ಕಳ್ಳನ ಥರ ಬರ್ತವೆ.

ನಂಗೆ ಹೆಂಗೆ ಬಂತು ಹೇಳ್ತೀನಿ. ವಿದ್ಯಾನಗರದಲ್ಲಿ ಒಬ್ಬ ಫ್ರೆಂಡ್ ಮನೆ ಇದೆ, ಶನಿವಾರ ಸಂಜೆ ನಾವು ನಾಲ್ಕು ಜನ ಸೇರಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ತರಿಸ್ಕೊಂಡು ಫುಟ್‌ಬಾಲ್ ಗೇಮ್ ಆಡೋದು ಕಾಲೇಜಿಂದ ಬಂದ ಅಭ್ಯಾಸ. ಅವತ್ತು ಕಂಟ್ರೋಲರ್ ಕೈಗೆ ಕೊಟ್ರು, ನಂಗೆ ಬಾಲ್ ಕಾಣ್ತಿಲ್ಲ, ಹುಲ್ಲಿನ ನೆರಳು ಎಲ್ಲಿ ಮಿನುಗ್ತಿದೆ, ಮೆನು ತೆರೆಯುವಾಗ ಚಿತ್ರ ಎಲ್ಲಿ ತಡವರಿಸ್ತಿದೆ ಅಷ್ಟೇ ಕಾಣ್ತಿರೋದು. ಎರಡು ನಿಮಿಷಕ್ಕೆ ಕೆಳಗಿಟ್ಟೆ. "ಏನಲೇ, ಸೋಲ್ತೀಯ ಅಂತ ಭಯನಾ" ಅಂದ ಫ್ರೆಂಡ್. ಸೋತಿದ್ರೆ ಬೇಜಾರಾದ್ರೂ ಆಗಿರೋದು. ಏನೂ ಆಗ್ಲಿಲ್ಲ.

ಅವತ್ತು ರಾತ್ರಿ ನನ್ನ ಹಳೇ ಕಮಿಟ್ ಮೆಸೇಜ್‌ಗಳನ್ನ, ಅಂದ್ರೆ ಕೋಡ್ ಬದಲಾಯಿಸಿದಾಗೆಲ್ಲ ಏನು ಮಾಡಿದೆ ಅಂತ ಬರೆದಿಡೋ ಸಾಲುಗಳನ್ನ, ತೆಗೆದು ನೋಡ್ದೆ. ಇದು ನೀವೂ ಮಾಡಿ, ಯಾವ ಪರೀಕ್ಷೆಗಿಂತ ಚೆನ್ನಾಗಿ ಹೇಳುತ್ತೆ. ಜನವರಿಯಲ್ಲಿ "ಆ್ಯಡ್ ಮುಚ್ಚಿದ ಮೇಲೆ ನಾಣ್ಯದ ಪಾಪ್‌ಅಪ್ ಎರಡು ಸಲ ಬರ್ತಿದ್ದಿದ್ದು ಸರಿ ಮಾಡಿದೆ" ಅಂತ ಬರೆದಿದೀನಿ. ಏಪ್ರಿಲ್‌ನಲ್ಲಿ "ಫಿಕ್ಸ್". ಜೂನ್‌ನಲ್ಲಿ "ಫಿಕ್ಸ್ 2". ಆಗಸ್ಟಲ್ಲಿ ಕೀಬೋರ್ಡ್ ಮೇಲೆ ಕೈ ಬಿದ್ದ ಕಡೆ ಬಿದ್ದ ನಾಲ್ಕು ಅಕ್ಷರ.

ಈಗ ಇದಕ್ಕೆಲ್ಲ ಪ್ಯಾಶನ್ ಅಂತ ಒಂದು ಒಳ್ಳೆ ಹೆಸರಿಟ್ಟಿದಾರಲ್ಲ, ಅದರ ಮೇಲೆ ನಂಗೆ ಸಿಟ್ಟು. ಬ್ಯಾಂಕಿನೋನು ರಾತ್ರಿ ಹನ್ನೊಂದಕ್ಕೆ ಕೆಲಸ ಮಾಡಿದ್ರೆ ಪಾಪ ಅಂತಾರೆ, ಗೇಮಿನೋನು ಮಾಡಿದ್ರೆ ಇಷ್ಟಪಟ್ಟು ಮಾಡ್ತಿದಾನೆ ಅಂತಾರೆ. ಹೊಸದಲ್ಲ ಇದು. 2004ರಲ್ಲಿ ಅಮೆರಿಕಾದಲ್ಲಿ ಎರಿನ್ ಹಾಫ್‌ಮನ್ ಅನ್ನೋರು ಹೆಸರು ಹೇಳದೇ ಆನ್‌ಲೈನಲ್ಲಿ ಒಂದು ಪತ್ರ ಹಾಕಿದ್ರು, ಇಎ ಅನ್ನೋ ದೊಡ್ಡ ಗೇಮ್ ಕಂಪನಿಯಲ್ಲಿದ್ದ ತನ್ನ ಸಂಗಾತಿ ವಾರಕ್ಕೆ ಏಳು ದಿನ ಹೆಂಗೆ ದುಡೀತಿದಾನೆ ಅಂತ. ದೊಡ್ಡ ಸುದ್ದಿ ಆಯ್ತು, ಆ ಹೊತ್ತಲ್ಲೇ ಓವರ್‌ಟೈಮ್ ದುಡ್ಡಿಗಾಗಿ ಕೋರ್ಟಿಗೆ ಹೋಗಿದ್ದ ಆರ್ಟಿಸ್ಟ್‌ಗಳಿಗೆ 1.56 ಕೋಟಿ ಡಾಲರ್, ಆಮೇಲೆ ಪ್ರೋಗ್ರಾಮರ್‌ಗಳಿಗೆ 1.49 ಕೋಟಿ ಡಾಲರ್ ಕೊಟ್ಟು ಕಂಪನಿ ರಾಜಿ ಮಾಡ್ಕೊಂತು. ಹಿಂಗೆ ಡೇಟ್ ಹತ್ರ ಬಂದಾಗ ಹಗಲು ರಾತ್ರಿ ದುಡಿಯೋದಕ್ಕೆ ನಮ್ಮಲ್ಲಿ ಕ್ರಂಚ್ ಅಂತಾರೆ. ಕ್ರಂಚ್ ಮಾಡಿದ್ರೆ ಗೇಮಾದ್ರೂ ಚೆನ್ನಾಗಿ ಬರುತ್ತಾ ಅಂದ್ರೆ, ಸೈಬರ್‌ಪಂಕ್ 2077 ಅನ್ನೋ ಗೇಮ್ ನೋಡಿ: ಕಡ್ಡಾಯ ಕ್ರಂಚ್ ಇರಲ್ಲ ಅಂದಿದ್ದ ಅದರ ಕಂಪನಿಯೋರು 2020ರ ಸೆಪ್ಟೆಂಬರ್‌ನಲ್ಲಿ ವಾರಕ್ಕೆ ಆರು ದಿನ ಮಾಡಿದ್ರು, ಡಿಸೆಂಬರ್ 10ಕ್ಕೆ ಬಿಟ್ರು, ಬಗ್‌ಗಳ ಕಾಟಕ್ಕೆ ಅದೇ ತಿಂಗಳು ಸೋನಿ ಅದನ್ನ ಪ್ಲೇಸ್ಟೇಷನ್ ಸ್ಟೋರಿಂದಲೇ ತೆಗೆದು ಹಾಕ್ತು, ವಾಪಸ್ ಬಂದಿದ್ದು ಮುಂದಿನ ಜೂನ್‌ಗೆ.

ಅವರದ್ದು ದೊಡ್ಡ ಗೇಮು, ಒಂದಿನ ರಿಲೀಸ್ ಅಂತ ಆಗುತ್ತೆ. ನಮ್ಮ ಮೊಬೈಲ್ ಗೇಮ್‌ಗೆ ಮುಗಿಯೋದು ಅನ್ನೋದೇ ಇಲ್ಲ ನೋಡಿ. ರಿಲೀಸ್ ಆದ ದಿನದಿಂದಲೇ ಅಸಲಿ ಕೆಲಸ ಶುರು. ದಸರಾಕ್ಕೆ ಗೇಮ್ ಒಳಗೆ ಒಂದು ಸ್ಪೆಷಲ್ ಇವೆಂಟು, ದೀಪಾವಳಿ ಇವೆಂಟು, ಅದಾದ್ಮೇಲೆ ಕ್ರಿಸ್‌ಮಸ್, ಮಧ್ಯದಲ್ಲಿ ಪ್ರತಿ ವಾರ ಒಂದು ಚಿಕ್ಕದು, ಮೊದಲ ದಿನ ಆಡಿದೋರು ಮಾರನೇ ದಿನ ಎಷ್ಟು ಜನ ವಾಪಸ್ ಬಂದ್ರು ಅಂತ ನೋಡೋದು, ಇಳಿದ್ರೆ ಕಾಲ್, ಏರಿದ್ರೆ ಇನ್ನೂ ಏರಿಸೋಣ ಅಂತ ಕಾಲ್, ಅದೂ ಪಬ್ಲಿಷರ್ ಅಮೆರಿಕಾದೋರು ಆದ್ರೆ ನಮ್ಮ ಊಟದ ಹೊತ್ತಿಗೇ. ಬೇರೆಯವರ ಹಬ್ಬಕ್ಕೆ ತೋರಣ ಕಟ್ಟಿ ಕಟ್ಟಿ ನಮ್ಮನೆ ಹಬ್ಬಕ್ಕೆ ನಾನು ಎದ್ದಿದ್ದೇ ಮಧ್ಯಾಹ್ನ.

ನಮ್ಮಜ್ಜ ಇದೇ ಊರಲ್ಲಿ ಒಂದು ಹತ್ತಿ ಮಿಲ್ಲಲ್ಲಿದ್ದ, ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲ. ಸೈರನ್ ಆಯ್ತು ಅಂದ್ರೆ ಮುಂದಿನ ಶಿಫ್ಟಿನೋನು ಬಂದು ಅದೇ ಮಗ್ಗದ ಮುಂದೆ ನಿಲ್ತಿದ್ದ, ಅಜ್ಜ ಮೈಮೇಲಿನ ಹತ್ತಿ ಕೊಡವ್ಕೊಂಡು ಮನೆಗೆ ಬರ್ತಿದ್ದ. ಸುಖದ ಕೆಲಸ ಅಂತ ನಾನು ಹೇಳ್ತಿಲ್ಲ, ಸಾಯೋವರೆಗೂ ಕೆಮ್ಮು ಬಿಡ್ಲಿಲ್ಲ. ಆದ್ರೆ ಮಗ್ಗ ಅವನ ಜೇಬಲ್ಲಿ ಕೂತು ಮನೆಗೆ ಬರ್ತಿರ್ಲಿಲ್ಲ.

ಹಂಗಾದ್ರೆ ಏನ್ ಮಾಡೋದು. ಯೋಗ, ಧ್ಯಾನ, ಕುಂದವಾಡ ಕೆರೆ ಸುತ್ತ ವಾಕಿಂಗ್, ಎಲ್ಲಾ ಮಾಡಿ, ನಾನೂ ಹೋಗ್ತೀನಿ, ಗಾಳಿ ಚೆನ್ನಾಗಿರುತ್ತೆ. ಆದ್ರೆ ನಂಗೆ ನಿಜವಾಗ್ಲೂ ನಿದ್ದೆ ತಂದುಕೊಟ್ಟಿದ್ದು ಸ್ಟೇಜ್ಡ್ ರೋಲೌಟ್. ನಗಬೇಡಿ. ಪ್ಲೇ ಸ್ಟೋರಲ್ಲಿ ಹೊಸ ಅಪ್ಡೇಟ್‌ನ ಒಂದೇ ಸಲ ಎಲ್ಲರಿಗೂ ಬಿಡೋ ಬದಲು ಮೊದಲು ನೂರಕ್ಕೆ ಐದು ಜನಕ್ಕೆ ಬಿಡಬಹುದು, ಕ್ರ್ಯಾಶ್ ಜಾಸ್ತಿ ಆದ್ರೆ ಅಲ್ಲೇ ನಿಲ್ಲಿಸಬಹುದು, ಆ್ಯಪಲ್‌ನಲ್ಲೂ 7 ದಿನದಲ್ಲಿ 1, 2, 5 ಅಂತ ಪರ್ಸೆಂಟ್ ಏರ್ತಾ ಹೋಗುತ್ತೆ. ಇದನ್ನ ಮಾಡಿ, ಶುಕ್ರವಾರ ಗೇಮಿನ ಹೊಸ ಬಿಲ್ಡ್ ಬಿಡೋದು ಬಂದ್ ಮಾಡಿ, ಪ್ರತಿ ಇವೆಂಟ್‌ಗೂ ಸರ್ವರ್ ಕಡೆಯಿಂದ ಆಫ್ ಮಾಡೋಕೆ ಒಂದು ಸ್ವಿಚ್ ಇಟ್ಟ ಮೇಲೆ ನಮ್ಮ ಟೀಮಲ್ಲಿ ಭಾನುವಾರದ ಹಾಟ್‌ಫಿಕ್ಸ್, ಅಂದ್ರೆ ಅರ್ಜೆಂಟ್ ರಿಪೇರಿ, ಅನ್ನೋದು ಹತ್ತಿರ ಹತ್ತಿರ ನಿಂತೇ ಹೋಯ್ತು. ಇದಕ್ಕೆ ಯಾರ ಮನೋಬಲನೂ ಬೇಕಾಗ್ಲಿಲ್ಲ. ಎರಡನೇದು, ಏನು ಕೈಬಿಡಬೇಕು ಅನ್ನೋ ಪಟ್ಟಿನ ಪ್ರಾಜೆಕ್ಟ್ ಶುರುವಲ್ಲೇ ಬರೆಯೋದು, ಕೊನೇ ವಾರ ಅಲ್ಲ. ಕೊನೇ ವಾರ ಯಾರಿಗೂ ಯಾವುದನ್ನೂ ಬಿಡೋಕೆ ಮನಸ್ಸು ಬರಲ್ಲ, ಅದರ ಬದಲು ನಿದ್ದೆ ಬಿಡ್ತಾರೆ. ಮೈಗೇ ಇಳಿದಿದೆ, ವಾರಗಟ್ಟಲೆ ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸ್ತಿದೆ ಅಂದ್ರೆ ಈ ಪ್ರೊಡಕ್ಷನ್ ಮಾತೆಲ್ಲ ಆಮೇಲೆ, ಮೊದಲು ಡಾಕ್ಟ್ರು, ಇಲ್ಲಾ ಟೆಲಿ ಮಾನಸ್ 14416, ಸರ್ಕಾರದ್ದು, ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಟೀಮಿಗೆ ಹೋದ ವರ್ಷ ಚಿತ್ರದುರ್ಗದ ಹುಡುಗಿ ಒಬ್ಬಳು ಲೆವೆಲ್ ಡಿಸೈನರ್ ಆಗಿ ಸೇರಿದ್ಲು, ಅಂದ್ರೆ ಆಟದ ಒಂದೊಂದು ಹಂತನೂ ರೂಪಿಸೋ ಕೆಲಸ, ಶಾನೆ ಚುರುಕು. ಎರಡು ವಾರಕ್ಕೆ ನಲವತ್ತು ಲೆವೆಲ್ ಕೊಡು ಅಂತ ಡೇಟ್ ಹಾಕಿದ್ವಿ, ಹಾಕಿದ್ದು ನಾನೇ, ಹೇಳಿಬಿಡ್ತೀನಿ. ಕೊಟ್ಲು ಕೂಡ. ಆಮೇಲೆ ಕಾಲ್ ಮಾಡಿ ಮೆಲ್ಲಗೆ, "ಅಣ್ಣಾ, ಇವು ಚೆನ್ನಾಗಿದಾವೋ ಇಲ್ವೋ ನಂಗೇ ಗೊತ್ತಾಗ್ತಿಲ್ಲ, ಎಲ್ಲಾ ಒಂದೇ ಥರ ಕಾಣ್ತಿದಾವೆ" ಅಂದ್ಲು. ನಂಗೆ ಮೈ ಜುಮ್ ಅಂತು, ನನ್ನ ಆಗಸ್ಟ್ ತಿಂಗಳ ಆ ನಾಲ್ಕು ಅಕ್ಷರ ನೆನಪಾಯ್ತು. ಮಾರನೇ ದಿನ ಬೆಂಗಳೂರಿನೋರ ಜೊತೆ ಜಗಳ ಆಡಿ, ಹೌದು ಜಗಳನೇ, ನಲವತ್ತನ್ನ ಹನ್ನೆರಡು ಮಾಡಿಸ್ದೆ, ಅವಳಿಗೆ ಎಲ್ಲಾ ಪಕ್ಕಕ್ಕಿಟ್ಟು ಮತ್ತೆ ಮೊದಲಿಂದ ಮಾಡು ಅಂದೆ.

ಹನ್ನೆರಡೂ ಬಂದಿದಾವೆ. ಮೊನ್ನೆ ಊಟ ಆದ್ಮೇಲೆ ಹಾಸಿಗೆ ಮೇಲೆ ಬಿದ್ಕೊಂಡು ಆಡೋಕೆ ಕೂತೆ, ಟೆಸ್ಟಿಂಗ್‌ಗೆ ಅಲ್ಲ, ಸುಮ್ನೆ. ಒಂಬತ್ತನೇ ಲೆವೆಲ್ ನಂಗೆ ಇನ್ನೂ ದಾಟೋಕಾಗಿಲ್ಲ.