ಭರತ ಬರೋವರೆಗೆ ಕೂತಿರಿ

ಕೇಳುಗರೆಲ್ರಿಗೂ ನಮಸ್ಕಾರ. ನಾನಿವತ್ತು ಮಾತಾಡ್ತಿರೋದು ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಗೆ ಚಳಿಗಾಲದಲ್ಲಿ ಬರೋ ಸಣ್ಣಸಣ್ಣ ಹಕ್ಕಿಗಳ ಬಗ್ಗೆ, ಮತ್ತೆ ಕ್ಯಾಮರಾ ಹಿಡ್ಕೊಂಡು ಅವುಗಳ ಗುರುತು ಹಿಡಿಯೋ ಹವ್ಯಾಸದ ಬಗ್ಗೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರ್ತು, ನಮ್ಗೆಲ್ಲ ತುಂಬಾ ಖುಷಿ ಆಯ್ತು.

ಇಳಿತದ ಹೊತ್ತಿಗೆ ಹೋದ್ರೆ ಕೆಸರಿನ ಬಯಲು ಕಣ್ಣು ಹಾಯೋವರೆಗೂ ಇರುತ್ತೆ, ಹೆಂಗಸರು ಬಳಚು ಅನ್ನೋ ಚಿಪ್ಪುಜೀವಿ ಆರಿಸ್ತಿರ್ತಾರೆ, ಹಕ್ಕಿಗಳೆಲ್ಲ ಎಲ್ಲೋ ದೂರದಲ್ಲಿ ಚುಕ್ಕಿ ಥರ ಕಾಣ್ತವೆ. ಶುರುವಿನಲ್ಲಿ ನಾನು ಆ ಚುಕ್ಕಿಗಳ ಹಿಂದೆ ಮೊಣಕಾಲುದ್ದ ಕೆಸರಲ್ಲಿ ನಡ್ಕೊಂಡು ಹೋಗ್ತಿದ್ದೆ, ನಾನು ನಾಲ್ಕು ಹೆಜ್ಜೆ ಇಟ್ರೆ ಅವು ಹಾರಿ ಇನ್ನಷ್ಟು ದೂರ ಹೋಗಿ ಕೂರೋವು. ಒಂದಿನ ಬಳಚು ಆರಿಸ್ತಿದ್ದ ಒಬ್ರು ಅಜ್ಜಿನೇ ಹೇಳಿದ್ರು, "ತಮಾ, ಅಟ್ಟಿಸ್ಕಂಡು ಹೋದ್ರೆ ಸಿಗೂದಿಲ್ಲ, ಭರತ ಬರೂವರಿಗೆ ಗಜನಿ ಕಟ್ಟೆ ಹತ್ರ ಕೂತ್ಕ." ಭರತ ಅಂದ್ರೆ ಸಮುದ್ರದ ಉಬ್ಬರ, ಗಜನಿ ಅಂದ್ರೆ ಉಪ್ಪುನೀರು ನುಗ್ಗೋ ತಗ್ಗು ಗದ್ದೆ. ಅಷ್ಟೇ ನೋಡಿ. ನೀರು ಏರ್ತಾ ಏರ್ತಾ ಕೆಸರು ಮುಳುಗಿದ ಹಾಗೆ ಹಕ್ಕಿಗಳು ತಾವಾಗೇ ಹತ್ರ ಬಂದ್ವು, ನಾನು ಬೆನ್ನಿಗೆ ಬಿಸಿಲು ಬೀಳೋ ಹಾಗೆ ಹೊಟ್ಟೆ ಮೇಲೆ ಮಲಗಿದ್ದೆ.

ಗುರುತು ಹಿಡಿಯೋದು ಮಾತ್ರ ನಿಜವಾಗ್ಲೂ ಕಷ್ಟ, ಯಾಕಂದ್ರೆ ಇಲ್ಲಿಗೆ ಬರೋ ಹೊತ್ತಿಗೆ ಮರಿ ಮಾಡೋ ಕಾಲದ ಬಣ್ಣ ಕಳಚಿ ಎಲ್ಲವೂ ಬೂದು, ಕಂದು, ಬಿಳಿ ಆಗಿರ್ತವೆ. ಹಾಗಾಗಿ ಬಣ್ಣ ಬಿಟ್ಟು ಕೊಕ್ಕು, ಕಾಲು, ನಡಿಗೆ ನೋಡ್ಬೇಕು. ಅಲೆ ಹಿಂದೆ ಹೋದಾಗ ಓಡಿ ಹೋಗಿ ಹೆಕ್ಕಿ, ಅಲೆ ಬಂದಾಗ ವಾಪಸ್ ಓಡಿ ಬರೋದು ಸ್ಯಾಂಡರ್ಲಿಂಗ್, ಅದಕ್ಕೆ ಹಿಂದಿನ ಬೆರಳೇ ಇಲ್ಲ. ಕೊಕ್ಕು ಮೇಲಕ್ಕೆ ಬಾಗಿದ್ದು, ಕಾಲು ಗಿಡ್ಡ, ಹಳದಿ ಇದ್ರೆ ಟೆರೆಕ್. ಕೊಕ್ಕು ಕೆಳಕ್ಕೆ ಬಾಗಿದ ದೊಡ್ಡ ಹಕ್ಕಿ ಕಂಡ್ರೆ ತಲೆ ನೋಡಿ, ನೆತ್ತಿ ಮೇಲೆ ಪಟ್ಟೆ ಇದ್ರೆ ವಿಂಬ್ರೆಲ್, ಪಟ್ಟೆ ಇಲ್ದೆ ಕೊಕ್ಕು ಇನ್ನೂ ಉದ್ದ ಇದ್ರೆ ಕರ್ಲ್ಯೂ.

ಒಂದು ಜನವರಿಯಲ್ಲಿ ನನಗೆ ಗಾಡ್‌ವಿಟ್ ಅನ್ನೋ ಉದ್ದ ಕೊಕ್ಕಿನ ಹಕ್ಕಿಯೊಂದು ಸಿಕ್ತು. ಬೆಳಕು ಎದುರಿಂದ, ಕಾಲು ನೀರಲ್ಲಿ, ಬೆನ್ನು ಪೂರ್ತಿ ಕಪ್ಪಾಗಿ ಕಾಣ್ತಿತ್ತು, ಆದ್ರೂ ಫೋಟೋ ನೋಡೋಕೆ ಬಹಳ ಚಂದ ಬಂದಿತ್ತು. ಅದು ಒಂದ್ಸಲ ರೆಕ್ಕೆ ಎತ್ತಿದಾಗ ತೆಗೆದದ್ದು ಅಲ್ಲಾಡಿಹೋಗಿತ್ತು ಅಂತ ಅಲ್ಲೇ ಡಿಲೀಟ್ ಮಾಡಿಬಿಟ್ಟೆ. ಮನೆಗೆ ಬಂದು ಗೆಳೆಯರಿಗೆ ಕಳಿಸಿದ್ರೆ ಒಬ್ರು ಕಪ್ಪು ಬಾಲದ್ದು ಅಂತಾರೆ, ಇನ್ನೊಬ್ರು ಪಟ್ಟೆ ಬಾಲದ್ದು ಅಂತಾರೆ. ಕಪ್ಪು ಬಾಲದ್ದಕ್ಕೆ ರೆಕ್ಕೆಲಿ ಅಗಲವಾದ ಬಿಳಿ ಪಟ್ಟಿ ಇರುತ್ತೆ, ಪಟ್ಟೆ ಬಾಲದ್ದಕ್ಕೆ ಅದು ಇರೋದಿಲ್ಲ. ಅದನ್ನ ತೋರಿಸ್ತಿದ್ದ ಒಂದೇ ಫೋಟೋನ ನಾನೇ ಅಳಿಸಿದ್ದೆ. ಪಟ್ಟೆ ಬಾಲದ ಗಾಡ್‌ವಿಟ್ ಅಂದ್ರೆ ಸಾಮಾನ್ಯ ಹಕ್ಕಿ ಅಲ್ಲ, 2022ರಲ್ಲಿ ಅದರದೊಂದು ಮರಿಹಕ್ಕಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 11 ದಿನ ಎಲ್ಲೂ ಇಳೀದೆ ಸುಮಾರು 13,560 ಕಿಲೋಮೀಟರ್ ಹಾರಿತ್ತು.

ಅವತ್ತಿಂದ ನಾನು ಮಸುಕಾಗಿದ್ದನ್ನೂ ಅಳಿಸೋದಿಲ್ಲ. ಹಾಗಂತ ರೆಕ್ಕೆ ನೋಡ್ಬೇಕು ಅಂತ ದಯವಿಟ್ಟು ಚಪ್ಪಾಳೆ ತಟ್ಟಿ ಹಾರಿಸ್ಬೇಡಿ. ಲಿಟಲ್ ಸ್ಟಿಂಟ್ ಅನ್ನೋ ಹಕ್ಕಿ 25 ಗ್ರಾಂ ಆಸುಪಾಸು ತೂಗುತ್ತೆ, ಅದು ಹೋಗ್ಬೇಕಾಗಿರೋದು ಉತ್ತರ ಧ್ರುವದ ಹತ್ರಕ್ಕೆ, ಬೇಸಿಗೆ ಹತ್ರ ಬಂದಾಗ ತಿಂದು ತಿಂದು ಕೊಬ್ಬು ಕೂಡಿಸ್ಕೊಳ್ತಾ ಇರುತ್ತೆ, ನಾವು ಹಾರಿಸಿದಷ್ಟೂ ಸಲ ಆ ಕೊಬ್ಬು ಖರ್ಚಾಗುತ್ತೆ. ಸುಮ್ನೆ ಕಾಯ್ರಿ, ಗರಿ ತೀಡ್ಕೊಂಡಾದ್ಮೇಲೆ ಅದೇ ಒಂದ್ಸಲ ಮೈ ಮುರಿದು ರೆಕ್ಕೆ ಚಾಚುತ್ತೆ.

ಮುಂದಿನ ವರ್ಷ ಅದೇ ಕಟ್ಟೆ ಹತ್ರ ಒಂದೂವರೆ ಗಂಟೆ ಕಾದೆ. ಒಂದು ಗಾಡ್‌ವಿಟ್ ರೆಕ್ಕೆ ಎತ್ತಿತು, ಬಿಳಿ ಪಟ್ಟಿ, ಕೆಳಗೆ ಕಪ್ಪು ಬಾಲ, ಆರು ಫೋಟೋ ಬಂತು. ಹೆಸರು ಬರ್ಕೊಂಡೆ. ಹಿಂದಿನ ವರ್ಷದ ಆ ಹಕ್ಕಿ ಮಾತ್ರ ನನ್ನ ಪಟ್ಟಿಲಿ ಇವತ್ತಿಗೂ ಬರೀ 'ಗಾಡ್‌ವಿಟ್' ಅಂತಲೇ ಇದೆ. ನಮಸ್ಕಾರ.