ರೇ ಫಿಶರ್ ಎಂಬ ಬೇಸ್‌ಬಾಲ್ ಮೇಷ್ಟ್ರು

ಕೇಳುಗರೇ, ನಮಸ್ಕಾರ. 1919ರಲ್ಲಿ ಷಿಕಾಗೊ ವೈಟ್ ಸಾಕ್ಸ್ ತಂಡದ ಕೆಲವರು ಜೂಜುಕೋರರ ದುಡ್ಡು ತಿಂದು ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲ್‌ನ ಫೈನಲ್ ಸರಣಿ, ಸೋತರು. ಗೆದ್ದವರು ಸಿನ್ಸಿನಾಟಿ ರೆಡ್ಸ್. ಆ ತಂಡದಲ್ಲಿ ರೇ ಫಿಶರ್ ಎಂಬ ಪಿಚರ್ ಇದ್ದರು. ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಅವರ ನಸೀಬು ನೋಡಿ. ಅವರ ಪಾಲಿಗೆ ಬಂದದ್ದು ಮೂರನೇ ಪಂದ್ಯ. ಎದುರಿಗೆ ಚೆಂಡೆಸೆದ ಡಿಕಿ ಕೆರ್ ದುಡ್ಡು ಮುಟ್ಟದ ಮನುಷ್ಯ! ಫಿಶರ್ 3-0ಯಿಂದ ಸೋತರು.

ಫಿಶರ್ ಅಮೆರಿಕದ ವರ್ಮಾಂಟ್ ರಾಜ್ಯದ ಕಡೆಯವರು. 1910ರಿಂದ ನ್ಯೂಯಾರ್ಕ್ ತಂಡಕ್ಕೆ ಆಡಿದ್ದರು. ಅವರ ಅಸ್ತ್ರ ಎಂಜಲು. ಹೌದು, ಎಂಜಲೇ. ಚೆಂಡಿನ ಒಂದು ಕಡೆ ಅದನ್ನು ಹಚ್ಚಿ ಎಸೆದರೆ ಬೆರಳಿನಿಂದ ಜಾರಿ, ಜಾಸ್ತಿ ತಿರುಗದೆ ಹೋಗಿ, ಬ್ಯಾಟಿನ ಹತ್ತಿರ ತಟ್ಟನೆ ಕೆಳಗಿಳಿಯುತ್ತದೆ. 1920ರಲ್ಲಿ ಇದಕ್ಕೆ ನಿಷೇಧ ಬಂತು. ಆದರೆ ಇದನ್ನೇ ನಂಬಿದ್ದ 17 ಮಂದಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಫಿಶರ್ ಅವರಲ್ಲೊಬ್ಬರು.

1921ರಲ್ಲಿ ರೆಡ್ಸ್ ಅವರ ಸಂಬಳ ಕಡಿತ ಮಾಡಿತು. ಅದೇ ಹೊತ್ತಿಗೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕೋಚ್ ಕೆಲಸ ಖಾಲಿಯಿತ್ತು. ವಯಸ್ಸು 33, ಪಿಚರ್‌ನ ತೋಳು ಎಷ್ಟು ದಿನ ಬಾಳೀತು? ಮ್ಯಾನೇಜರ್‌ಗೆ ಹೇಳಿಯೇ ಹೋಗಿ ಮಾತಾಡಿ ಬಂದರು, ಕೆಲಸ ಒಪ್ಪಿಕೊಂಡರು. ಸರಿಯಾಗಿ ನೋಟಿಸ್ ಕೊಡಲಿಲ್ಲ ಅಂತ ತಕರಾರು ಎದ್ದಿತು. ಆಗ ಬೇಸ್‌ಬಾಲ್‌ನ ಕಮಿಷನರ್ ಆಗಿದ್ದವರು ನ್ಯಾಯಾಧೀಶ ಲ್ಯಾಂಡಿಸ್. ಹಗರಣದ ಕೊಳೆ ತೊಳೆಯಲೆಂದೇ ಕೂತವರು. ಅವರು ಫಿಶರ್ ಹೆಸರನ್ನು ಆಡಲು ಅನರ್ಹರಾದವರ ಪಟ್ಟಿಗೆ ಸೇರಿಸಿಬಿಟ್ಟರು. ಪಂದ್ಯ ಮಾರಿಕೊಂಡವರಿಗೂ ಅದೇ ಶಿಕ್ಷೆ, ಕೆಲಸ ಬದಲಿಸಿದವರಿಗೂ ಅದೇ ಶಿಕ್ಷೆ. ಇದೆಂಥ ನ್ಯಾಯ, ಅಲ್ವಾ?

ಫಿಶರ್ ಸುಮ್ನೆ ಆ ವಿಶ್ವವಿದ್ಯಾಲಯವಿರುವ ಆನ್ ಆರ್ಬರ್ ಊರಿಗೆ ಹೋಗಿ ಪಾಠ ಶುರು ಮಾಡಿದರು. 1958ರವರೆಗೆ 38 ವರ್ಷ ಅದೇ ಕೆಲಸ. ಅವರ ಹುಡುಗರು ಗೆದ್ದದ್ದು 636 ಪಂದ್ಯ. 1929ರಲ್ಲಿ ಜಪಾನ್‌ಗೂ ಹೋಗಿ ಆಡಿದರು. ಬೇಸಿಗೆಯಲ್ಲಿ ಫಿಶರ್ ವರ್ಮಾಂಟ್‌ಗೆ ಹೋಗಿ ಅಲ್ಲಿನ ಲೀಗಿನ ತಂಡವನ್ನೂ ನೋಡಿಕೊಳ್ಳುತ್ತಿದ್ದರು. 1946ರ ಸುಮಾರಿಗೆ ಅಲ್ಲಿ ಅವರ ಕೈಗೆ ಬಂದ ಹುಡುಗ ರಾಬಿನ್ ರಾಬರ್ಟ್ಸ್. ತಮಾಷೆಯೆಂದರೆ, ಆತ ಓದುತ್ತಿದ್ದದ್ದು ಮಿಷಿಗನ್ ಸ್ಟೇಟ್‌ನಲ್ಲಿ, ಅಂದರೆ ಎದುರಾಳಿ ಕಾಲೇಜಿನಲ್ಲಿ. ಫಿಶರ್ ಅದನ್ನೆಲ್ಲ ನೋಡದೆ ಕಲಿಸಿದರು. ಮುಂದೆ ರಾಬರ್ಟ್ಸ್ ದೊಡ್ಡ ಪಿಚರ್ ಆದರು, ಬೇಸ್‌ಬಾಲ್‌ನ ಮಹಾನ್ ಆಟಗಾರರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು.

1953ರಲ್ಲಿ ಒಮಾಹಾದಲ್ಲಿ ಮಿಷಿಗನ್ ತಂಡ ಟೆಕ್ಸಸ್ ತಂಡವನ್ನು 7-5ರಿಂದ ಸೋಲಿಸಿ ಕಾಲೇಜು ತಂಡಗಳ ರಾಷ್ಟ್ರೀಯ ಚಾಂಪಿಯನ್ ಆಯಿತು. ಆಗ ಕೋಚ್‌ಗೆ 65 ವರ್ಷ. ನಿವೃತ್ತಿಯ ನಂತರ ವಿಶ್ವವಿದ್ಯಾಲಯ ತನ್ನ ಬೇಸ್‌ಬಾಲ್ ಮೈದಾನಕ್ಕೆ ಅವರ ಹೆಸರಿಟ್ಟಿತು. ವೃತ್ತಿಪರ ಬೇಸ್‌ಬಾಲ್‌ನ ಕಡತದಲ್ಲಿ ಮಾತ್ರ ಅವರಿನ್ನೂ ಅನರ್ಹರೇ! 1980ರಲ್ಲಿ ಕಮಿಷನರ್ ಬೋವಿ ಕ್ಯೂನ್ ಆ ಕಳಂಕ ತೆಗೆದುಹಾಕಿದರು. ಫಿಶರ್ ಆಗ ತೊಂಬತ್ತು ದಾಟಿದ್ದರು. ಇನ್ನೆರಡು ವರ್ಷ ಬದುಕಿದ್ದರು.