ಬಗ್ಗಡ ಹೊರಗೆ, ತಿಳಿ ಒಳಗೆ

ನಮಸ್ಕಾರ. ಚಿತ್ರದುರ್ಗ, ದಾವಣಗೆರೆ ಸೀಮೆಯ ರೈತ ಬಾಂಧವರಿಗೆ, ಸಂಘದ ಅಕ್ಕ-ತಂಗಿಯರಿಗೆ, ಬೆಳಗ್ಗೆಯೇ ಹೊಲಕ್ಕೆ ಹೋಗಿ ಮೋಟಾರ್ ಹಾಕಿ ಪೈಪಿನ ಬಾಯಿ ನೋಡುತ್ತಾ ನಿಂತಿರುವ ಎಲ್ಲರಿಗೂ ನಮಸ್ಕಾರ.

ಗ್ರಾಮಾಭಿವೃದ್ಧಿ ಸಂಸ್ಥೆಗಳು ಹಳ್ಳಿಗಳಲ್ಲಿ ನೆಲ-ಜಲ ಉಳಿಸುವ ಕೆಲಸವನ್ನು ಹೇಗೆ ಮಾಡುತ್ತವೆ ಅಂತ ಹೇಳಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ಆ ಪಟ್ಟಿ ದೊಡ್ಡದು. ಬದು, ಕೃಷಿಹೊಂಡ, ಚೆಕ್‌ಡ್ಯಾಂ, ಕೆರೆ ಹೂಳು, ಉಳಿತಾಯ ಸಂಘ. ಎಲ್ಲವನ್ನೂ ಮುಟ್ಟಿ ಹೋದರೆ ಒಂದೂ ನಿಮ್ಮ ಹೊಲದವರೆಗೆ ಬರುವುದಿಲ್ಲ. ಅದಕ್ಕೇ ಕೊಳವೆಬಾವಿಗೆ ಮಳೆನೀರು ಇಳಿಸುವ ಒಂದು ಕೆಲಸವನ್ನೇ ಹಿಡಿದಿದ್ದೇನೆ. ಅದರಲ್ಲೂ ಒಂದೇ ಮಾತು: ಬಗ್ಗಡ ಹೊರಗೆ, ತಿಳಿ ಒಳಗೆ. ರೇಡಿಯೋ ಆರಿಸುವ ಹೊತ್ತಿಗೆ ಇದೊಂದು ನೆನಪಿದ್ದರೆ ಸಾಕು.

ಮೊದಲು ಲೆಕ್ಕ. ಒಂದು ಎಕರೆ ಮೇಲೆ 25 ಮಿಲಿಮೀಟರ್, ಅಂದರೆ ಸುಮಾರು ಒಂದು ಅಂಗುಲ ಮಳೆ ಬಿದ್ದರೆ ಅದು 1 ಲಕ್ಷ ಲೀಟರ್ ನೀರು. ಐದು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಇಪ್ಪತ್ತು ಲೋಡು. ಅದರಲ್ಲಿ ಒಂದಷ್ಟನ್ನು ಮಣ್ಣು ಕುಡಿಯುತ್ತದೆ, ಉಳಿದದ್ದು ನಿಮ್ಮ ಕಣ್ಣೆದುರೇ ಹಳ್ಳ ಸೇರುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಯಾವಾಗ ಬರುತ್ತದೆ ಅಂತ ಅರಳಿಕಟ್ಟೆ ಮೇಲೆ ಕೂತು ಕೇಳುತ್ತೀರಿ. ಕೇಳಿ, ಕೇಳಲೇಬೇಕು. ಆದರೆ ನಿಮ್ಮದೇ ಹೊಲದ ಇಪ್ಪತ್ತು ಟ್ಯಾಂಕರು ಬದು ಒಡೆದುಕೊಂಡು ಹೋಗುವಾಗ ಯಾರನ್ನು ಕೇಳುತ್ತೀರಿ?

ನಮ್ಮ ಮಳೆ ನಂಬಿಕೆಯದಲ್ಲ ಅನ್ನುವುದಕ್ಕೆ ಹಿರಿಯೂರಿನ ಮಾರಿಕಣಿವೆಗಿಂತ ಬೇರೆ ಸಾಕ್ಷಿ ಬೇಡ. ಅಲ್ಲಿ ವೇದಾವತಿ ನದಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷ ಕಳೆದ ಮೇಲೆ. ಇಂಥ ಸೀಮೆಯಲ್ಲಿ ಬಂದ ಮಳೆಯನ್ನು ಬಂದ ದಿನವೇ ಹಿಡಿಯಬೇಕು. ಹಿಡಿದು, ಸೋಸಿ, ಆಮೇಲೆ ಇಳಿಸಬೇಕು.

ಸೋಸುವುದು ಯಾಕೆ ಅಂತ ಕೇಳಿದರೆ ದುರ್ಗದ ಕೋಟೆಗೇ ಕರೆದುಕೊಂಡು ಹೋಗಬೇಕಾಗುತ್ತದೆ. ಓಬವ್ವನ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. ಹೈದರನ ಸೈನಿಕರು ಕಿಂಡಿಯಲ್ಲಿ ನುಸುಳಿದ್ದು, ಒನಕೆ, ಎಲ್ಲ ಗೊತ್ತು. ಆದರೆ ಆಕೆ ಆ ಹೊತ್ತಿನಲ್ಲಿ ಕಿಂಡಿಯ ಹತ್ತಿರ ಯಾಕಿದ್ದಳು? ಗಂಡ ಕಾವಲು ಬಿಟ್ಟು ಊಟಕ್ಕೆ ಕೂತಿದ್ದ, ನೀರಿರಲಿಲ್ಲ, ನೀರು ತರಲು ಹೋಗಿದ್ದಳು. ಒನಕೆ ಎಲ್ಲರಿಗೂ ನೆನಪಿದೆ, ಬಿಂದಿಗೆ ಯಾರಿಗೂ ನೆನಪಿಲ್ಲ. ಸುತ್ತ ಹೈದರನ ಪಾಳೆಯ, ಕಾಲ ಕೆಳಗೆ ಬರೀ ಬಂಡೆ. ಅಂಥ ಕಡೆ ಒಬ್ಬ ಹೆಣ್ಣುಮಗಳು ಊಟದ ನಡುವೆ ಎದ್ದುಹೋಗಿ ಒಂದು ಬಿಂದಿಗೆ ನೀರು ತರಬಹುದಿತ್ತು. ಅದು ಹೇಗೆ?

ಒಂದು ಮಳೆಗಾಲದಲ್ಲಿ ಕೋಟೆ ಹತ್ತಿ ನೋಡಿ. ಬಂಡೆ ಮೇಲೆ ಬಿದ್ದ ನೀರು ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ. ಅದು ತುಂಬಿ ಮಿಕ್ಕಿದ್ದು ಅಕ್ಕ-ತಂಗಿ ಹೊಂಡಕ್ಕೆ. ಅಲ್ಲಿ ಮಿಕ್ಕಿದ್ದು ಸಿಹಿನೀರು ಹೊಂಡಕ್ಕೆ. ಕೊನೆಗೆ ಕೆಳಗೆ, ಊರೊಳಗಿನ ಸಂತೆಹೊಂಡಕ್ಕೆ. ಇದನ್ನು ನೋಡಿ ಎಲ್ಲರೂ ನೀರು ಕೂಡಿಟ್ಟ ಜಾಣತನವನ್ನು ಹೊಗಳುತ್ತಾರೆ. ನಾನು ಹೊಗಳುವುದು ಬೇರೆಯದನ್ನು. ಮೇಲಿನ ಹೊಂಡ ತುಂಬಿ ಚೆಲ್ಲುವಾಗ ಏನು ಚೆಲ್ಲುತ್ತದೆ? ಮೇಲ್ಪದರದ ನೀರು. ಮಣ್ಣು, ಮರಳು, ಕೊಳೆತ ಎಲೆ ತಳದಲ್ಲೇ ಕೂರುತ್ತವೆ, ತಿಳಿ ಮಾತ್ರ ಮುಂದಕ್ಕೆ ಹೋಗುತ್ತದೆ. ಎರಡನೆಯ ಹೊಂಡದಲ್ಲಿ ಇನ್ನಷ್ಟು ಕೂರುತ್ತದೆ, ಮೂರನೆಯದಕ್ಕೆ ಇನ್ನೂ ತಿಳಿ. ಒಂದೊಂದು ಹೊಂಡವೂ ಕೆಳಗಿನ ಹೊಂಡಕ್ಕೆ ಸೋಸುಕ. ಮಜ್ಜಿಗೆಯ ತಿಳಿ ಬಸಿಯುವ ಹಾಗೆ. ಇದಕ್ಕೆ ಕರೆಂಟು ಬೇಡ, ಫಿಲ್ಟರ್ ಕಂಪನಿ ಬೇಡ. ನೀರನ್ನು ನಿಧಾನ ಮಾಡಿ ನಿಲ್ಲಿಸುವುದು, ಮೇಲಿನದನ್ನು ಮಾತ್ರ ಬಿಡುವುದು, ಇಷ್ಟೇ. 1779ರಲ್ಲಿ ಕೋಟೆ ನಾಯಕರ ಕೈತಪ್ಪಿತು, ಹೊಂಡಗಳು ಹಾಗೇ ಇವೆ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆತರುವ ಮೇಷ್ಟ್ರುಗಳು ಕಿಂಡಿಯ ಮುಂದೆ ಫೋಟೋ ಹೊಡೆಸಿ ಇಳಿದುಬಿಡುತ್ತಾರೆ. ದಯವಿಟ್ಟು ಹೊಂಡದ ಹತ್ತಿರವೂ ಹತ್ತು ನಿಮಿಷ ನಿಲ್ಲಿಸಿ.

ಕೋಟೆಯಲ್ಲೇ ಬಹಳ ಹೊತ್ತಾಯಿತು. ಹೊಲಕ್ಕೆ ಬರೋಣ.

ಕೆರೆಗೆ ಹೂಳು ತುಂಬಿದರೆ ಟ್ರ್ಯಾಕ್ಟರ್ ತಂದು ಎತ್ತಬಹುದು. ತೆರೆದ ಬಾವಿಯಾದರೆ ಆಳು ಇಳಿಯಬಹುದು. ಕೊಳವೆಬಾವಿ ಆರೂವರೆ ಅಂಗುಲದ ತೂತು. ಅದಕ್ಕೆ ನೀರು ಬರುವುದು ಬಂಡೆಯ ಬಿರುಕಿನಿಂದ. ಕೆಲವು ಬಿರುಕು ಬೆರಳಿನಷ್ಟು, ಕೆಲವು ಕೂದಲಿನಷ್ಟು. ಅದರೊಳಗೆ ಜೇಡಿ ಹೊಕ್ಕು ಕಚ್ಚಿಕೊಂಡರೆ ಕಂಪ್ರೆಸರ್ ಹಾಕಿ ಊದಿಸಿದರೂ ಕೊಳವೆ ಚೊಕ್ಕಟವಾಗುತ್ತದೆ, ಬಿರುಕು ಚೊಕ್ಕಟವಾಗುವುದಿಲ್ಲ. ನೀರು ಇಂಗಿಸುತ್ತೇವೆ ಅಂತ ಹಳ್ಳದ ಕೆಂಪು ನೀರನ್ನು ನೇರವಾಗಿ ಕೇಸಿಂಗಿಗೆ, ಅಂದರೆ ಬೋರಿನ ಬಾಯಿಗೆ ಇಳಿಸಿದ ಕೊಳವೆಗೆ, ತಿರುಗಿಸಿದವರು ಇದ್ದ ಬೋರನ್ನೂ ತಾವೇ ಕೈಯಾರೆ ಮುಚ್ಚಿಕೊಂಡ ಹಾಗೆ. ಬಗ್ಗಡ ಹೊರಗೆ, ತಿಳಿ ಒಳಗೆ.

ಯಾವ ಬೋರಿಗೆ ಮಾಡಬೇಕು? ಮೊದಲು ನೀರು ಕೊಟ್ಟು ಈಗ ಬತ್ತಿದ್ದಕ್ಕೆ, ಅಥವಾ ಇಳುವರಿ ಕಮ್ಮಿಯಾದದ್ದಕ್ಕೆ. ಕೊರೆದ ದಿನವೇ ಬರೀ ಧೂಳು ಬಂದ ಬೋರಿನ ಸುತ್ತ ಗುಂಡಿ ತೋಡಿ ದುಡ್ಡು ಕಳೆಯಬೇಡಿ. ಅನುಮಾನವಿದ್ದರೆ ಒಂದು ಟ್ಯಾಂಕರ್ ಒಳ್ಳೆಯ ನೀರು ತರಿಸಿ ಬೋರಿಗೆ ಬಿಡಿ. ಗಟಗಟನೆ ಕುಡಿದರೆ ಸೈ. ಸ್ವಲ್ಪ ಹೊತ್ತಿಗೇ ಬಾಯಿಗೆ ಬಂದು ನಿಂತರೆ ಆ ಬೋರು ಬಿಡಿ.

ಆಮೇಲೆ ನೀರಿನ ದಾರಿ. ಇದನ್ನು ಬೇಸಿಗೆಯಲ್ಲಿ ಕಣ್ಣಳತೆ ಹಾಕಿ ಹೇಳಬೇಡಿ. ಜೋರು ಮಳೆ ಬರುವಾಗ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೊಲದಲ್ಲಿ ನಡೆಯಿರಿ, ನೀರೇ ತೋರಿಸುತ್ತದೆ. ದನದ ಕೊಟ್ಟಿಗೆ, ತಿಪ್ಪೆ, ಔಷಧಿ ಕಲೆಸುವ ಜಾಗ ದಾಟಿ ಬರುವ ನೀರು ಬೇಡವೇ ಬೇಡ. ಅದು ಎಷ್ಟು ಸೋಸಿದರೂ ತಿಳಿ ಅನ್ನಿಸಿಕೊಳ್ಳುವುದಿಲ್ಲ.

ಈಗ ಹೂಳುಗುಂಡಿ. ಎಲ್ಲರೂ ಬಿಡುವುದು ಇದನ್ನೇ. ಬೋರಿನ ಸುತ್ತ ದೊಡ್ಡ ಗುಂಡಿ ತೋಡಿ, ಕಲ್ಲು ತುಂಬಿ, ಬೋರ್ಡು ನೆಟ್ಟು, ಫೋಟೋ ತೆಗೆದು ಮುಗಿಸುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೋರ್ಡಿನ ಬಣ್ಣ ಇನ್ನೂ ಇರುತ್ತದೆ, ಗುಂಡಿಯ ಮೇಲೆ ಮಾತ್ರ ಕೆಸರಿನ ಹಪ್ಪಳ. ಬೋರಿಗೆ ನೀರು ಬರುವ ಕಡೆ, ಒಂದು ಹದಿನೈದು ಅಡಿ ದೂರದಲ್ಲಿ, ಒಂದರ ಹಿಂದೆ ಒಂದರಂತೆ ಎರಡು ಗುಂಡಿ ಬೇಕು. ಆರಡಿ ಉದ್ದ, ಆರಡಿ ಅಗಲ, ನಾಲ್ಕಡಿ ಆಳ. ಒಂದೊಂದು ಅಂಚಿನವರೆಗೆ ತುಂಬಿದರೆ ಸುಮಾರು ನಾಲ್ಕು ಸಾವಿರ ಲೀಟರ್. ಒಂದರಿಂದ ಇನ್ನೊಂದಕ್ಕೆ, ಎರಡನೆಯದರಿಂದ ಬೋರಿನ ಸುತ್ತಲಿನ ದೊಡ್ಡ ಗುಂಡಿಗೆ ಹೋಗುವ ಪೈಪು ತಳದಿಂದ ಮೂರಡಿ ಮೇಲೆ ಇರಬೇಕು. ತಳದಲ್ಲಿ ಪೈಪು ಇಟ್ಟರೆ ಹೂಳುಗುಂಡಿ ಮಾಡಿದ್ದೂ ಒಂದೇ, ಬಿಟ್ಟದ್ದೂ ಒಂದೇ; ಕೂತ ಕೆಸರೆಲ್ಲ ಅದರಲ್ಲೇ ಹೋಗುತ್ತದೆ. ಗೋಪಾಲಸ್ವಾಮಿ ಹೊಂಡ ನೆನಪಿಟ್ಟುಕೊಳ್ಳಿ, ಮೇಲಿನಿಂದ ಚೆಲ್ಲಬೇಕು. ಮೊದಲ ಗುಂಡಿಯ ಪಕ್ಕಕ್ಕೆ ಒಂದು ಕೋಡಿ ಬಿಡಿ, ಕೆರೆಗೆ ಬಿಟ್ಟ ಹಾಗೆ. ದೊಡ್ಡ ಮಳೆಯಲ್ಲಿ ಹೆಚ್ಚಾದದ್ದು ಆ ಕಡೆ ಹೋಗಲಿ. ಕೋಡಿ ಇಲ್ಲದಿದ್ದರೆ ಒಂದೇ ರಾತ್ರಿಯ ಮಳೆ ದಡ ಒಡೆದು ಬಗ್ಗಡವನ್ನೆಲ್ಲ ಬೋರಿನ ಮೇಲೆ ಸುರಿಯುತ್ತದೆ. ಗುಂಡಿಗೆ ಬರುವ ಕಾಲುವೆಯಲ್ಲಿ ಗರಿಕೆ ಬೆಳೆಯಲು ಬಿಡಿ. ಹುಲ್ಲು ನೀರನ್ನು ನಿಧಾನ ಮಾಡುತ್ತದೆ.

ಎರೆ ಭೂಮಿಯವರಿಗೆ ಒಂದು ಮಾತು. ನಿಮ್ಮ ಮಣ್ಣು ಸಣ್ಣ ಗುಂಡಿಯಲ್ಲಿ ಕೂರುವುದಿಲ್ಲ, ದಿನಗಟ್ಟಲೆ ನೀರಿನಲ್ಲೇ ತೇಲುತ್ತದೆ. ನೀವು ಮೊದಲು ಕೃಷಿಹೊಂಡ ಮಾಡಿ, ಅದರಲ್ಲಿ ತಿಳಿಯಾದದ್ದನ್ನು ಪೈಪಿನಲ್ಲಿ ತನ್ನಿ. ಪಾಲಿಥೀನ್ ಹಾಸಿದ ಹೊಂಡದಿಂದ ನೀರು ತಾನಾಗಿ ಇಂಗುವುದಿಲ್ಲ ಅನ್ನುವುದೂ ತಿಳಿದಿರಲಿ.

ಇನ್ನು ದೊಡ್ಡ ಗುಂಡಿ. ಮೊದಲು ಸ್ಟಾರ್ಟರಿನಲ್ಲಿ ಕರೆಂಟು ತೆಗೆದು, ಮೋಟಾರ್ ಮೇಲಕ್ಕೆತ್ತಿ, ಬೋರಿನ ಬಾಯಿಗೆ ಮುಚ್ಚಳ ಹಾಕಿ. ಕೇಸಿಂಗ್ ನಡುವೆ ಬರುವ ಹಾಗೆ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಆಳ. ಜೆಸಿಬಿಯವರು ಕೇಸಿಂಗಿನಿಂದ ಎರಡಡಿ ದೂರ ನಿಲ್ಲಲಿ, ಉಳಿದದ್ದನ್ನು ಸನಿಕೆಯಲ್ಲಿ ಬಿಡಿಸಿ. ಮಣ್ಣು ಸಡಿಲವಾಗಿದ್ದರೆ ಗೋಡೆಯನ್ನು ಇಳಿಜಾರಾಗಿ ಕಡಿಯಿರಿ. ನೆಟ್ಟಗೆ ನಿಂತ ಹತ್ತಡಿ ಗೋಡೆ ಕೆಳಗಿದ್ದವರ ಮೇಲೆ ಕುಸಿಯುತ್ತದೆ. ಕೇಸಿಂಗಿಗೆ ಗುಂಡಿಯ ತಳದಿಂದ ಒಂದಡಿ ಬಿಟ್ಟು, ಅದರ ಮೇಲಿನ ಮೂರಡಿಗೆ ಸುತ್ತಲೂ ಎರಡೆರಡು ಅಂಗುಲಕ್ಕೊಂದು ತೂತು ಕೊರೆಯಿರಿ. ನಾಲ್ಕೈದು ಮಿಲಿಮೀಟರ್ ಡ್ರಿಲ್ ಸಾಕು. ತೂತು ದೊಡ್ಡದಾದರೆ ನೀರು ಜಾಸ್ತಿ ಇಳಿಯುತ್ತದೆ ಅಂತ ಗ್ಯಾಸ್ ಕಟ್ಟರಿನಲ್ಲಿ ಕಿಟಕಿ ತೆಗೆಸುವವರಿದ್ದಾರೆ. ಕಿಟಕಿಯಲ್ಲಿ ಜಲ್ಲಿಯೂ ಇಳಿಯುತ್ತದೆ ಸ್ವಾಮಿ, ಆಮೇಲೆ ಮೋಟಾರ್ ಸಿಕ್ಕಿಕೊಳ್ಳುತ್ತದೆ. ತೂತಿನ ಮೇಲೆ ನೈಲಾನ್ ಪರದೆ ಮೂರು ಸುತ್ತು ಸುತ್ತಿ ನೈಲಾನ್ ಹಗ್ಗದಲ್ಲಿ ಬಿಗಿಯಿರಿ. ತಂತಿ ಬೇಡ, ತುಕ್ಕು ಹಿಡಿದು ತುಂಡಾಗುತ್ತದೆ.

ತುಂಬುವ ಕ್ರಮ ಕೆಳಗಿನಿಂದ ಹೇಳುತ್ತೇನೆ, ಪೆನ್ನಿದ್ದರೆ ಬರೆದುಕೊಳ್ಳಿ. ಐದಡಿ ದಪ್ಪ ಕಲ್ಲು. ಅದರ ಮೇಲೆ ಒಂದೂವರೆ ಅಡಿ 40 ಎಂಎಂ ಜಲ್ಲಿ. ಒಂದಡಿ 20 ಎಂಎಂ ಜಲ್ಲಿ. ಅದರ ಮೇಲೊಂದು ಪರದೆ. ಅರ್ಧ ಅಡಿ ಇದ್ದಿಲು, ಮತ್ತೊಂದು ಪರದೆ. ಒಂದಡಿ ದಪ್ಪ ಮರಳು. ಮೇಲೆ ಒಂದಡಿ ಖಾಲಿ, ನೀರು ನಿಲ್ಲಲು. ಕಲ್ಲನ್ನು ಟಿಪ್ಪರಿನಿಂದ ಸುರಿಸಬೇಡಿ, ಪಿವಿಸಿ ಕೇಸಿಂಗ್ ಸೀಳುತ್ತದೆ. ಕೇಸಿಂಗ್ ಸುತ್ತ ಕೈಯಲ್ಲಿ ಜೋಡಿಸಿ. ಜಲ್ಲಿಯನ್ನು ತೊಳೆದು ಹಾಕಿ. ಕ್ರಷರಿನಿಂದ ಬಂದ ಜಲ್ಲಿಯಲ್ಲಿ ಎಷ್ಟು ಪುಡಿ ಇರುತ್ತದೆ ಅಂದರೆ, ಹೊರಗಿನ ಬಗ್ಗಡ ತಡೆಯಲು ಹೋಗಿ ಒಳಗೇ ಬಗ್ಗಡ ತುಂಬಿದ ಹಾಗಾಗುತ್ತದೆ. ಎಂ-ಸ್ಯಾಂಡ್‌ಗೂ ಇದೇ ಮಾತು. ಗುಂಡಿಯ ಸುತ್ತ ಒಂದೂವರೆ ಅಡಿ ಏರಿ ಹಾಕಿ, ನೀರು ಪೈಪಿನಿಂದಲೇ ಬರಬೇಕು, ಪಕ್ಕದಿಂದ ನುಗ್ಗಬಾರದು. ತೋಡಿದ ಮಣ್ಣನ್ನು ಇಳಿಜಾರಿನ ಕೆಳಗಡೆ ಹಾಕಿ. ಮೇಲುಗಡೆ ಗುಡ್ಡೆ ಹಾಕಿದರೆ ಮೊದಲ ಮಳೆಗೆ ಅದೇ ವಾಪಸ್ ಬರುತ್ತದೆ. ಕೇಸಿಂಗ್ ನೆಲದಿಂದ ಎರಡಡಿ ಮೇಲಿರಲಿ.

ಇಲ್ಲಿಗೆ ಕೆಲಸ ಮುಗಿಯಲಿಲ್ಲ. ವರ್ಷಕ್ಕೆ ಎರಡು ಸಲ, ಭರಣಿ ಮಳೆಗೆ ಮೊದಲು ಒಮ್ಮೆ, ಉತ್ತರೆ ಮಳೆಗೆ ಮೊದಲು ಒಮ್ಮೆ, ಹೂಳುಗುಂಡಿ ಎರಡನ್ನೂ ಬರಿದು ಮಾಡಿ. ಎತ್ತಿದ ಹೂಳು ನಿಮ್ಮದೇ ಹೊಲದ ಮೇಲ್ಮಣ್ಣು, ವಾಪಸ್ ಹೊಲಕ್ಕೇ ಚೆಲ್ಲಿ. ದೊಡ್ಡ ಗುಂಡಿಯ ಮರಳಿನ ಮೇಲಿನ ಒಂದೆರಡು ಅಂಗುಲ ಕೆರೆದು ತೆಗೆದು ಹೊಸದು ಹಾಕಿ. ವರ್ಷದ ಮೊದಲ ಮಳೆಯ ನೀರು ಬೇಡ. ಪೈಪಿನ ಬಾಯಿಗೆ ಗೋಣಿಚೀಲ ತುರುಕಿ ಕೋಡಿ ಕಡೆ ಬಿಟ್ಟುಬಿಡಿ. ಇಬ್ಬರು ಕೂತು ಅರ್ಧ ದಿನದಲ್ಲಿ ಮುಗಿಸುವ ಕೆಲಸ. ಇದನ್ನು ಮಾಡಲಾರದವರು ಗುಂಡಿ ತೋಡುವುದೇ ಬೇಡ. ಖಾರವಾಗಿ ಹೇಳಿದೆ ಅನ್ನಿಸಿದರೆ ಕ್ಷಮೆ ಇರಲಿ, ಆದರೆ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ.

ಸಂಸ್ಥೆಗಳ ಪಾತ್ರ ಬರುವುದು ಇಲ್ಲಿ. "ನಾನು ಖರ್ಚು ಮಾಡಿ ಇಳಿಸಿದ ನೀರು ಪಕ್ಕದವನ ಬೋರಿಗೆ ಹೋಗುತ್ತದಲ್ಲ" ಅಂತ ಎಲ್ಲ ಊರಲ್ಲೂ ಒಬ್ಬರು ಕೇಳುತ್ತಾರೆ. ಹೋಗುತ್ತದೆ, ಬಂಡೆಯ ಬಿರುಕಿಗೆ ಪಹಣಿ ಗೊತ್ತಿಲ್ಲ. ಅದಕ್ಕೇ ಒಂದೇ ಹಳ್ಳದ ಮೇಲುಗಡೆ ಇರುವ ಎಂಟು ಹತ್ತು ಜನ ಒಟ್ಟಿಗೆ ಮಾಡಬೇಕು. ಜೆಸಿಬಿ ಬಾಡಿಗೆಯೂ ಹಂಚಿಕೆಯಾಗುತ್ತದೆ. ಒಳ್ಳೆಯ ಸಂಸ್ಥೆ ಪೂರ್ತಿ ದುಡ್ಡು ಕೊಡುವುದಿಲ್ಲ. ಕಲ್ಲು, ಕೂಲಿ ರೈತನದು. ಅಳತೆ, ಪರದೆ, ತಿಳಿವಳಿಕೆ ಸಂಸ್ಥೆಯದು. ಪುಕ್ಕಟೆ ಬಂದ ಗುಂಡಿಯ ಹೂಳನ್ನು ಯಾರೂ ಎತ್ತುವುದಿಲ್ಲ. ಹೂಳೆತ್ತುವ ಲೆಕ್ಕವನ್ನು ಮಹಿಳಾ ಸಂಘದ ಪುಸ್ತಕದಲ್ಲಿ ಬರೆಸಿ: ಯಾರ ಗುಂಡಿ, ಯಾವ ದಿನ, ಎಷ್ಟು ಪುಟ್ಟಿ. ವಾರದ ಉಳಿತಾಯ ಕಟ್ಟದವರನ್ನು ಕೇಳುವ ಹಾಗೆ ಹೂಳೆತ್ತದವರನ್ನೂ ಕೇಳಲಿ. ಗಂಡಸರ ಸಮಿತಿಗಿಂತ ಅಲ್ಲಿ ಕೇಳುವ ಧೈರ್ಯ ಹೆಚ್ಚು.

ಕೆರೆ ಹೂಳಿನ ಬಗ್ಗೆಯೂ ಹೇಳಬೇಕೆಂದಿದ್ದೆ, ಹೊತ್ತಿಲ್ಲ. ಇಷ್ಟು ಮಾತ್ರ: ಒಂದು ಎಕರೆಗೆ ಒಂದು ಅಂಗುಲ ಹೂಳು ಹರಡಲು ನೂರು ಘನ ಅಡಿಯ ಟ್ರ್ಯಾಕ್ಟರ್ ಲೋಡು 36 ಬೇಕು. ಕೆರೆ ಏರಿಯ ಬುಡದಲ್ಲಿ ಹೂಳು ತೆಗೆಯಲೇಬೇಡಿ, ಏರಿ ಕೂರುತ್ತದೆ.

ಕೊನೆಯದು, ಇದಕ್ಕೆ ಮಳೆಗಾಲ ಕಾಯುವ ಹಾಗಿಲ್ಲ. ಬಿಟ್ಟುಬಿಟ್ಟ ಬೋರಿನ ಬಾಯಿ ತೆರೆದಿದ್ದರೆ ಇವತ್ತೇ ಮುಚ್ಚಿ. ಮೇಲೊಂದು ಚಪ್ಪಡಿ ಎಳೆದರೆ, ಮುಳ್ಳು ಹಾಕಿದರೆ ಸಾಲದು, ಮಕ್ಕಳು ಸರಿಸುತ್ತಾರೆ. ಕೇಸಿಂಗ್ ಕಿತ್ತುಕೊಂಡು ಹೋಗಿದ್ದರೆ ತೂತನ್ನು ಕಲ್ಲು ಮಣ್ಣಿನಿಂದ ನೆಲಮಟ್ಟದವರೆಗೆ ತುಂಬಿಸಿ. ಕೇಸಿಂಗ್ ಇದ್ದರೆ ಕಬ್ಬಿಣದ ಮುಚ್ಚಳಕ್ಕೆ ಬೆಸುಗೆ ಹಾಕಿಸಿ, ಪಿವಿಸಿ ಆದರೆ ಬೋಲ್ಟು ಹಾಕಿದ ಮುಚ್ಚಳ. ಬೆಸುಗೆಯವನು ಊರಲ್ಲಿಲ್ಲದಿದ್ದರೆ ಅವನು ಬರುವವರೆಗೆ ಸುತ್ತ ಬೇಲಿ ಕಟ್ಟಿ, ಮನೆಯ ಮಕ್ಕಳಿಗೆಲ್ಲ ಜಾಗ ತೋರಿಸಿ ಹೇಳಿಡಿ. ನಮಸ್ಕಾರ.